ಜ್ವರ ಬಿಟ್ಟರೂ ಬಿಡದ ಸುಸ್ತಿಗೆ ಸೂಜಿ, ಕಷಾಯ: ಎಷ್ಟು ನಂಬಬಹುದು?

ಪ್ರಶ್ನೆ: ನನಗೆ 42 ವರ್ಷ, ತುಮಕೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ಎಂಟು ತಿಂಗಳ ಹಿಂದೆ ವೈರಲ್ ಜ್ವರ ಬಂದು ವಾರವಿಡೀ ಮಲಗಿದ್ದೆ. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಒಂದು ದಿನ ಐದು ಪೀರಿಯಡ್ ಪಾಠ ಮಾಡಿದರೆ ಮುಂದಿನ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಎಷ್ಟು ಮಲಗಿದರೂ ನಿದ್ದೆ ಮಾಡಿದಂತೆ ಅನ್ನಿಸುವುದಿಲ್ಲ. ಪಾಠದ ಮಧ್ಯೆ ಗೊತ್ತಿರುವ ಪದವೇ ನೆನಪಾಗುವುದಿಲ್ಲ. ಎದ್ದು ನಿಂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕುತ್ತಿಗೆ, ಭುಜಗಳಲ್ಲಿ ಸದಾ ನೋವು. ರಕ್ತಪರೀಕ್ಷೆ ನಾರ್ಮಲ್ ಇದೆ, ದಿನಾ ವಾಕಿಂಗ್ ಮಾಡಿ ಎಂದಿದ್ದಾರೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸಿಂಗಪುರದಲ್ಲಿರುವ ನನ್ನ ತಂಗಿ ಅಲ್ಲಿನ ಚೀನೀ ವೈದ್ಯರಿಗೆ ನನ್ನ ಕಥೆ ಹೇಳಿ ‘ಬು ಜೊಂಗ್ ಯಿ ಚಿ ತಾಂಗ್’ ಎಂಬ ಪುಡಿಯ ಪೊಟ್ಟಣಗಳನ್ನು ಕಳಿಸಿದ್ದಾಳೆ. ಅಕ್ಯುಪಂಕ್ಚರ್ ಕೂಡ ಮಾಡಿಸಿಕೋ ಎನ್ನುತ್ತಾಳೆ. ಇವುಗಳಿಂದ ಗುಣವಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಐದು ಪೀರಿಯಡ್ ಮತ್ತು ಎರಡು ದಿನದ ಹಾಸಿಗೆಯದು. ಸೂಜಿ, ಪುಡಿ ಎರಡಕ್ಕೂ ಮೊದಲು ಅದರ ಬಗ್ಗೆ ಮಾತನಾಡಬೇಕು.

ದುಡಿದ ದಿನ ದಣಿವಾಗುವುದು ಎಲ್ಲರಿಗೂ ಇದ್ದದ್ದೇ. ಆದರೆ ಮೊದಲು ಸಲೀಸಾಗಿ ಮಾಡುತ್ತಿದ್ದಷ್ಟೇ ಕೆಲಸಕ್ಕೆ, ಹನ್ನೆರಡರಿಂದ ನಲವತ್ತೆಂಟು ಗಂಟೆ ಕಳೆದ ಮೇಲೆ ಮೈ, ತಲೆ ಎರಡೂ ಒಟ್ಟಿಗೆ ಕುಸಿಯುವುದು ಬೇರೆಯೇ ಸಂಗತಿ. ವೈರಸ್ ಸೋಂಕಿನ ನಂತರ ಉಳಿಯುವ ದೀರ್ಘ ಆಯಾಸದ ಮುಖ್ಯ ಗುರುತೇ ಇದು. ವೈದ್ಯರು ಇದನ್ನು ಎಂ.ಇ./ಸಿ.ಎಫ್.ಎಸ್., ಅಂದರೆ ದೀರ್ಘಕಾಲದ ಆಯಾಸದ ಕಾಯಿಲೆ, ಎನ್ನುತ್ತಾರೆ. 2015ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಈ ಕಾಯಿಲೆಗೆ ಗೊತ್ತುಮಾಡಿದ ಲಕ್ಷಣಗಳು ಹೀಗಿವೆ: ಆರು ತಿಂಗಳಿಗೂ ಹೆಚ್ಚು ಕಾಲ ಹಿಂದಿನಂತೆ ಬದುಕಲಾಗದಷ್ಟು ಬಳಲಿಕೆ, ಶ್ರಮದ ನಂತರದ ಈ ಕುಸಿತ, ಮಲಗಿದರೂ ತೀರದ ನಿದ್ದೆ, ಇವುಗಳ ಜೊತೆಗೆ ಮಂಕು ಕವಿದ ಬುದ್ಧಿ ಅಥವಾ ನಿಂತಾಗ ಹೆಚ್ಚುವ ತೊಂದರೆ. ಈ ಲಕ್ಷಣಗಳೆಲ್ಲ ನಿಮ್ಮ ಪತ್ರದಲ್ಲಿವೆ. ಪತ್ರ ನೋಡಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ಆದರೆ ನಿಮ್ಮನ್ನು ನೋಡುವ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸಲೇಬೇಕು. ಇದು ಸೋಮಾರಿತನವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹಾಗೆ ಅಂದಿದ್ದರೆ ಆ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಕುಸಿತ ಇರುವವರಿಗೆ ‘ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಹೆಚ್ಚಿಸುತ್ತಾ ಹೋಗಿ’ ಎಂಬ ಸಲಹೆ ಕೆಡುಕು ಮಾಡಬಲ್ಲದು. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಹಳೆಯ ಮಾರ್ಗಸೂಚಿಯಲ್ಲಿದ್ದ ಇಂಥ ಸಲಹೆಯನ್ನು 2021ರಲ್ಲಿ ಕೈಬಿಟ್ಟಿತು. ದೇಹ ಇವತ್ತು ತಾಳಿಕೊಳ್ಳುವ ಮಿತಿ ಎಲ್ಲಿದೆ ಎಂದು ಕಂಡುಕೊಂಡು, ಅದರೊಳಗೇ ಇದ್ದು, ಕುಸಿತ ಮರುಕಳಿಸದಂತೆ ನೋಡಿಕೊಳ್ಳುವುದೇ ಈಗ ಒಪ್ಪಿತವಾಗಿರುವ ದಾರಿ.

ನಾನು ಪ್ರಕೃತಿ ಚಿಕಿತ್ಸೆ ಓದಿ, ಅಕ್ಯುಪಂಕ್ಚರನ್ನೇ ವೃತ್ತಿಯಾಗಿಸಿಕೊಂಡ ವೈದ್ಯೆ. ಸೂಜಿ ಹಿಡಿಯುವವಳು ಮೊದಲು ವಿಶ್ರಾಂತಿಯ ಮಾತೆತ್ತಿದ್ದು ನಿಮಗೆ ವಿಚಿತ್ರ ಅನ್ನಿಸಬಹುದು. ಆದರೆ ಚೀನೀ ವೈದ್ಯದ ಹಳೆಯ ಪಾಠವೂ ಇದೇ. ಹಾನ್ ರಾಜವಂಶದ ಕೊನೆಗಾಲದಲ್ಲಿ, ಸುಮಾರು ಕ್ರಿ.ಶ. 200ರ ಹೊತ್ತಿಗೆ, ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಜ್ವರಗಳ ಬಗ್ಗೆ ‘ಶಾಂಗ್ ಹಾನ್ ಲುನ್’ ಎಂಬ ಗ್ರಂಥ ಬರೆದ. ಇನ್ನೂರಕ್ಕೂ ಹೆಚ್ಚು ಜನರಿದ್ದ ತನ್ನ ಕುಲದಲ್ಲಿ ಹತ್ತು ವರ್ಷ ತುಂಬುವುದರೊಳಗೆ ಮೂರರಲ್ಲಿ ಎರಡು ಪಾಲು ಜನ ಸತ್ತರು, ಹೆಚ್ಚಿನವರು ಜ್ವರದಿಂದಲೇ ಸತ್ತರು ಎಂದು ಅದರ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಆ ಗ್ರಂಥದ ಕೊನೆಯಲ್ಲಿ ಒಂದು ಭಾಗ ಪೂರ್ತಿಯಾಗಿ ಜ್ವರ ಬಿಟ್ಟವರಿಗೇ ಮೀಸಲು. ಗುಣವಾದ ಮೇಲೆ ಮೈಮುರಿದು ದುಡಿದು ಮತ್ತೆ ಮಲಗಿದವರಿಗೆ ಅಲ್ಲಿ ‘ಲಾವ್ ಫು’, ಶ್ರಮದಿಂದ ಮರಳಿದ ಕಾಯಿಲೆ, ಎಂಬ ಹೆಸರೇ ಇದೆ. ಅದಕ್ಕೂ ಹಿಂದಿನ ಚೀನೀ ಗ್ರಂಥ ‘ನೇಯ್ ಜಿಂಗ್’ ಜ್ವರ ಇಳಿಯುತ್ತಿರುವಾಗ ಮಾಂಸ ತಿಂದರೆ ಕಾಯಿಲೆ ಮರಳುತ್ತದೆ, ಹೊಟ್ಟೆ ಬಿರಿಯೆ ತಿಂದರೆ ಅದು ಒಳಗೇ ಉಳಿಯುತ್ತದೆ ಎನ್ನುತ್ತದೆ. ನಮ್ಮ ಚರಕ ಸಂಹಿತೆಯೂ ಜ್ವರ ಬಿಟ್ಟವರು ಬಲ ಬರುವ ತನಕ ವ್ಯಾಯಾಮ, ಸ್ನಾನ, ಓಡಾಟ ಬೇಡ ಎನ್ನುತ್ತದೆ. ಗಂಜಿ ಕೊಟ್ಟು, ನೀರು ಹೊರಲು ಬಿಡದೆ ಬಾಣಂತಿಯಂತೆ ನೋಡಿಕೊಳ್ಳುತ್ತಿದ್ದ ನಮ್ಮ ಅಜ್ಜಿಯರ ಪಥ್ಯದ ಹಿಂದೆ ಇದ್ದದ್ದೂ ಈ ತಿಳಿವಳಿಕೆಯೇ. ಜ್ವರ ಇಳಿದ ಮರುದಿನವೇ ಕೆಲಸಕ್ಕೆ ಹಾಜರಾಗಬೇಕಾದ ಇಂದಿನ ಕಾಲದಲ್ಲಿ ಅದನ್ನು ಕಳೆದುಕೊಂಡೆವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ಸೂಜಿಯ ವಿಷಯ. ಇದರಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ನಿಮ್ಮ ಕುತ್ತಿಗೆ, ಭುಜದ ನೋವಿಗೆ ಅಕ್ಯುಪಂಕ್ಚರ್ ಉಪಯೋಗವಾಗಬಹುದೇ? ಆಗಬಹುದು. ಬೆನ್ನು, ಕುತ್ತಿಗೆ, ಭುಜ, ಮಂಡಿ, ದೀರ್ಘಕಾಲದ ತಲೆನೋವು ಇಂಥವುಗಳ 39 ಪರೀಕ್ಷೆಗಳನ್ನು, ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸೂಜಿ ಚುಚ್ಚಿಸಿಕೊಂಡವರ ನೋವು ಚುಚ್ಚಿಸಿಕೊಳ್ಳದವರಿಗಿಂತ ಚೆನ್ನಾಗಿ ಇಳಿದಿತ್ತು. ಒಂದು ವರ್ಷ ಕಳೆದರೂ ಆ ಲಾಭದ ಬಹುಪಾಲು ಉಳಿದಿತ್ತು. ಆದರೆ ಸುಳ್ಳು ಸೂಜಿಗೆ, ಅಂದರೆ ಪರೀಕ್ಷೆಗಾಗಿ ತೋರಿಕೆಗೆ ಮಾತ್ರ ಚುಚ್ಚುವುದಕ್ಕೆ, ಹೋಲಿಸಿದಾಗ ನಿಜವಾದ ಸೂಜಿಯ ಹೆಚ್ಚುಗಾರಿಕೆ ಚಿಕ್ಕದು. ಬೆನ್ನುನೋವಿನ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪರೀಕ್ಷೆಯಲ್ಲಿ ಇದು ಎದ್ದು ಕಾಣುತ್ತದೆ. ಆರು ತಿಂಗಳ ನಂತರ ಸುಧಾರಿಸಿದವರು ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರ ಪೈಕಿ ಶೇ 47.6, ಬೇರೆಲ್ಲೋ ಆಳವಿಲ್ಲದೆ ಚುಚ್ಚಿಸಿಕೊಂಡವರ ಪೈಕಿ ಶೇ 44.2, ಮಾಮೂಲು ಮಾತ್ರೆ, ವ್ಯಾಯಾಮ ಪಡೆದವರ ಪೈಕಿ ಶೇ 27.4. ನನ್ನ ವೃತ್ತಿಯವರು ಮೊದಲ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಹೇಳಿ ಮಧ್ಯದ್ದನ್ನು ಬಿಟ್ಟುಬಿಡುವುದುಂಟು. ರೋಗಿಗೆ ಮೂರನ್ನೂ ಹೇಳಬೇಕು. ಮಲಗಿಸಿ, ಮುಟ್ಟಿ, ಅರ್ಧ ಗಂಟೆ ಯಾರೋ ತನ್ನ ನೋವನ್ನು ಗಮನಿಸುವುದರಲ್ಲೇ ಚಿಕಿತ್ಸೆಯ ಒಂದು ಪಾಲು ಇದೆ ಎಂದು ಒಪ್ಪಿಕೊಂಡರೆ ಅಕ್ಯುಪಂಕ್ಚರಿಗೆ ಅವಮಾನವೇನೂ ಆಗುವುದಿಲ್ಲ.

(ಚಿಕುನ್‌ಗುನ್ಯಾ ಬಂದುಹೋದ ಮೇಲೆ ತಿಂಗಳುಗಟ್ಟಲೆ ಕೀಲು ನೋಯುವವರು ಹಲವರು ಇದೇ ಪ್ರಶ್ನೆ ಕೇಳುತ್ತಾರೆ. 2006ರಲ್ಲಿ ಅದು ಕರ್ನಾಟಕದ ಊರೂರುಗಳನ್ನು ಮಲಗಿಸಿದ್ದು ನೆನಪಿರಬಹುದು. ಅವರ ಮುಖ್ಯ ತೊಂದರೆ ನೋವಾದ್ದರಿಂದ ನೋವಿಗೆ ಹೇಳಿದ್ದು ಅವರಿಗೂ ಸಲ್ಲುತ್ತದೆ. ಆದರೆ ಕೀಲು ಊದಿಕೊಂಡೇ ಇದ್ದರೆ ಮೊದಲು ಸಂಧಿವಾತ ತಜ್ಞರ ಬಳಿ ಹೋಗಲಿ.)

ಎರಡನೆಯ ಪ್ರಶ್ನೆ ಕಷ್ಟದ್ದು: ಆ ಸುಸ್ತಿಗೇ, ಆ ಕುಸಿತಕ್ಕೇ ಸೂಜಿ ನಾಟುತ್ತದೆಯೇ? ಗುಣಪಡಿಸುತ್ತದೆ ಎಂದು ತೋರಿಸಿದ ಗಟ್ಟಿ ಅಧ್ಯಯನ ಇಲ್ಲ. ಇರುವ ಪರೀಕ್ಷೆಗಳಲ್ಲಿ ಹೆಚ್ಚಿನವು ಚಿಕ್ಕವು. ದಕ್ಷಿಣ ಕೊರಿಯಾದಲ್ಲಿ ದೀರ್ಘ ಆಯಾಸವಿರುವ 150 ಜನರನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಮಾಮೂಲು ಆರೈಕೆಯಷ್ಟೇ ಪಡೆದವರಿಗಿಂತ, ಅದರ ಜೊತೆಗೆ ಸೂಜಿಯನ್ನೂ ಪಡೆದ ಒಂದು ಗುಂಪಿನ ಆಯಾಸ ಐದು ವಾರದ ಹೊತ್ತಿಗೆ ಹೆಚ್ಚು ತಗ್ಗಿತ್ತು. ಆದರೆ ಯಾರಿಗೆ ಏನು ಸಿಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಪರೀಕ್ಷೆ ಅದು. ಆಸೆ ಹುಟ್ಟಿಸಲು ಅಷ್ಟು ಸಾಕು, ಭರವಸೆ ಕೊಡಲು ಸಾಲದು. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿಜ್ಞಾನಿಗಳ ತಂಡವೊಂದು 2021ರಲ್ಲಿ ಇಲಿಗಳ ಹಿಂಗಾಲಿನ ಒಂದು ಬಿಂದುವಿಗೆ ಸೂಜಿಯ ಮೂಲಕ ಸಣ್ಣ ವಿದ್ಯುತ್ ಹಾಯಿಸಿದಾಗ ವೇಗಸ್ ನರ (ಮಿದುಳಿನಿಂದ ಒಳಾಂಗಗಳಿಗೆ ಇಳಿಯುವ ನರ), ಅಡ್ರಿನಲ್ ಗ್ರಂಥಿಗಳ (ಮೂತ್ರಪಿಂಡಗಳ ಮೇಲಿರುವವು) ಹಾದಿಯಲ್ಲಿ ಉರಿಯೂತ ತಗ್ಗುವುದನ್ನು ತೋರಿಸಿತು. ಹೊಟ್ಟೆಯ ಬಿಂದುವಿನಲ್ಲಿ ಹಾಗಾಗಲಿಲ್ಲ. ಎಲ್ಲಿ ಚುಚ್ಚುತ್ತೇವೆ ಎಂಬುದಕ್ಕೂ ಅರ್ಥವಿದೆ ಎಂದು ಸೂಚಿಸುವ ಈ ಕೆಲಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆದರೂ ಅದು ಇಲಿಯ ಕಥೆ. ಎಂಟು ತಿಂಗಳಿಂದ ಬಳಲುತ್ತಿರುವ ಶಿಕ್ಷಕಿಯ ಕಥೆಯಲ್ಲ.

ಆದ್ದರಿಂದ ನಿಮ್ಮ ವಿಷಯದಲ್ಲಿ ಸೂಜಿಯಿಂದ ನಾನು ಬಯಸುವುದು ಇಷ್ಟು: ನೋವು ಇಳಿಯಲಿ, ನಿದ್ದೆ ಸ್ವಲ್ಪ ಆಳವಾಗಲಿ, ಅದರಿಂದ ದಿನ ತುಸು ಹಗುರಾಗಲಿ. ಇಷ್ಟಾದರೂ ಅದು ದೊಡ್ಡ ಲಾಭವೇ.

ಹೇಗೆ ಮಾಡಿಸಿಕೊಳ್ಳಬೇಕು ಎಂಬುದರಲ್ಲೇ ಅರ್ಧ ಗೆಲುವಿದೆ. ನಿಮ್ಮಂಥವರಿಗೆ ಚಿಕಿತ್ಸೆಯೇ ಒಂದು ಶ್ರಮ. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಬೆಂಗಳೂರಿಗೆ ಹೋಗಿ, ಟೋಕನ್ ಹಿಡಿದು ಕಾದು, ಮತ್ತೆ ಬಸ್ಸು ಹತ್ತಿ ಬರುವುದಾದರೆ ಸೂಜಿ ಕೊಡುವುದಕ್ಕಿಂತ ಪ್ರಯಾಣ ಕಿತ್ತುಕೊಳ್ಳುವುದೇ ಹೆಚ್ಚು. ಊರಲ್ಲೇ ಅರ್ಹರು ಸಿಕ್ಕರೆ ಮಾತ್ರ, ಶಾಲೆ ಇಲ್ಲದ ದಿನ, ಮರುದಿನವೂ ಬಿಡುವಿರುವಂತೆ ನೋಡಿಕೊಂಡು ಹೋಗಿ. ಕೂರಿಸಿ ಚುಚ್ಚುವುದು ಬೇಡ, ಮಲಗಿಸಿಯೇ ಆಗಬೇಕು. ನಿಂತಾಗ ಎದೆ ಬಡಿಯುವವರಿಗೆ ಕುಳಿತಲ್ಲೇ ಬವಳಿ ಬರುವ ಸಂಭವ ಹೆಚ್ಚು. ಮೊದಲ ಸಲ ನಾನು ನಾಲ್ಕೋ ಆರೋ ಸೂಜಿ ಇಟ್ಟು, ಹದಿನೈದು ನಿಮಿಷಕ್ಕೆ ತೆಗೆಯುತ್ತೇನೆ. ಕಾಲು ಮಿಲಿಮೀಟರಿಗಿಂತ ದಪ್ಪವಿಲ್ಲದ ಸೂಜಿ ಅದು. ಇಂಜೆಕ್ಷನ್ ಸೂಜಿಯ ನೋವನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಹೆಚ್ಚಾಗಿ ಬಳಸುವ ಬಿಂದು ‘ಜುಸಾನ್‌ಲಿ’. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಇಟ್ಟು ನೋಡಿ, ಕಾಲಿನ ಮುಂಭಾಗದ ಎಲುಬಿನ ಅಂಚಿನಿಂದ ಒಂದು ಬೆರಳು ಹೊರಗೆ, ಒತ್ತಿದರೆ ಸಣ್ಣಗೆ ಜೋಮು ನೋವು ಬರುವ ಜಾಗ. ಸೂಜಿ ಅಲ್ಲಿ ಕೂತಾಗ ಭಾರವೋ ಸೆಳೆತವೋ ಕಾಲಗುಂಟ ಇಳಿದಂತೆ ಅನ್ನಿಸುತ್ತದೆ. ಗಟ್ಟಿಮುಟ್ಟಾದವರಲ್ಲಿ ಆ ಸೆಳೆತವನ್ನು ಜೋರಾಗಿಯೇ ಎಬ್ಬಿಸುತ್ತೇವೆ, ನಿಮ್ಮಲ್ಲಿ ಹಾಗೆ ಮಾಡಬಾರದು. ಮುಗಿದ ಮೇಲೆ ಪಕ್ಕಕ್ಕೆ ಹೊರಳಿ, ಎರಡು ನಿಮಿಷ ಕೂತು, ಆಮೇಲೆ ಏಳಬೇಕು. ಮುಂದಿನ ಎರಡು ದಿನ ಹೇಗಿತ್ತು ಎಂದು ಬರೆದಿಟ್ಟುಕೊಂಡು ಬನ್ನಿ. ಕುಸಿತ ಬಂದಿದ್ದರೆ ಡೋಸ್ ಹೆಚ್ಚಾಯಿತೆಂದೇ ಅರ್ಥ. ‘ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮತ್ತೆ ಹೋಗಬೇಡಿ.

ಸೂಜಿಯ ಜೊತೆ ಕೆಲವರು ಮಾಕ್ಸಾ ಕೂಡ ಮಾಡುತ್ತಾರೆ. ಅದು ನಮ್ಮ ಮಾಚಿಪತ್ರೆಯ ಕುಲಕ್ಕೇ ಸೇರಿದ ಗಿಡದ ಒಣ ಎಲೆಯ ಬತ್ತಿ. ಕೆಂಡ ಮಾಡಿ ಚರ್ಮದ ಹತ್ತಿರ ಹಿಡಿದು ಶಾಖ ಕೊಡುವುದು. ಶಾಖ ಹಿತವಾಗಿರುತ್ತದೆ, ಹೊಗೆ ಮಾತ್ರ ದಟ್ಟ. ಜ್ವರದ ನಂತರ ಕೆಮ್ಮು ಉಳಿದಿದ್ದರೆ, ವಾಸನೆಗೆ ತಲೆ ಸಿಡಿಯುವುದಿದ್ದರೆ ಬೇಡ ಎನ್ನಿ.

ಯಾರ ಬಳಿ ಹೋಗಬೇಕು? ಕೇಂದ್ರ ಆರೋಗ್ಯ ಸಚಿವಾಲಯ 2019ರ ಫೆಬ್ರುವರಿಯಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಪಶ್ಚಿಮ ಬಂಗಾಳದಲ್ಲಿ 1996ರಿಂದಲೇ ಇದಕ್ಕೆ ಕಾಯ್ದೆಯಿದೆ, ಮಹಾರಾಷ್ಟ್ರದಲ್ಲಿ 2015ರ ಕಾಯ್ದೆ. ನಮ್ಮಲ್ಲಿ ಉಜಿರೆಯಂಥ ಕಡೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಪದವಿ, ಅಂದರೆ ಬಿ.ಎನ್.ವೈ.ಎಸ್., ಓದಿದವರು ಪಠ್ಯದ ಭಾಗವಾಗಿಯೇ ಅಕ್ಯುಪಂಕ್ಚರ್ ಕಲಿತಿರುತ್ತಾರೆ. ತರಬೇತಿ ಪಡೆದ ಎಂ.ಬಿ.ಬಿ.ಎಸ್. ವೈದ್ಯರೂ ಸಿಗುತ್ತಾರೆ. ಪದವಿ, ನೋಂದಣಿ ಕೇಳಲು ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ ಸೂಜಿ ಮತ್ತೆ ಯಾರಿಗೂ ಹೋಗಬಾರದು. ಹೆಪಟೈಟಿಸ್ ಹರಡಲು ಒಂದು ಸೂಜಿ ಸಾಕು. ನಿಮ್ಮ ನೋವಿರುವುದು ಭುಜದಲ್ಲಿ, ಅದಕ್ಕಾಗಿ ಇನ್ನೊಂದು ಮಾತು: ಭುಜದ ಮೇಲ್ಭಾಗ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಬಹುದು. ಅಪರೂಪ, ಆದರೆ ಅಪಾಯಕಾರಿ. ಅಂಗರಚನೆ ಓದದವರ ಕೈಗೆ ಆ ಜಾಗ ಕೊಡಬೇಡಿ. ಚುಚ್ಚಿಸಿಕೊಂಡ ಮೇಲೆ ಉಸಿರು ಕಟ್ಟಿದರೆ, ಎದೆ ಚಳಕು ಹೊಡೆದರೆ ನೇರ ಆಸ್ಪತ್ರೆಗೆ ಹೋಗಿ. ಇನ್ನು, ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿದರೆ ಮಾತ್ರ ಚಿಕಿತ್ಸೆ ಎನ್ನುವವರ ಮನೆಬಾಗಿಲನ್ನೂ ತುಳಿಯಬೇಡಿ. ನಿಮ್ಮ ಬಿ.ಪಿ. ಮಾತ್ರೆ ನಿಲ್ಲಿಸಲು ಅವರಿಗೆ ಯಾವ ಅಧಿಕಾರವೂ ಇಲ್ಲ.

ಪುಡಿಯ ಬಗ್ಗೆ. ನಿಮ್ಮ ತಂಗಿ ಕಳಿಸಿರುವುದು ಸಾಮಾನ್ಯ ಔಷಧವಲ್ಲ, ಅದಕ್ಕೊಂದು ಚರಿತ್ರೆಯಿದೆ. 1232ರಲ್ಲಿ ಮಂಗೋಲರು ಜಿನ್ ರಾಜ್ಯದ ರಾಜಧಾನಿ ಕೈಫೆಂಗನ್ನು ಮುತ್ತಿದರು. ಮುತ್ತಿಗೆ ಸಡಿಲವಾದ ಮೇಲೆ ಊರಿನೊಳಗೆ ಸಾಂಕ್ರಾಮಿಕ ರೋಗ ಎದ್ದು ಜನ ಸಾಲುಸಾಲಾಗಿ ಸತ್ತರು. ಅದನ್ನು ಕಂಡ ಲೀ ದೊಂಗ್‌ಯುವಾನ್ ಎಂಬ ವೈದ್ಯನ ವಾದ ಹೀಗಿತ್ತು: ಇವರು ತಿಂಗಳುಗಟ್ಟಲೆ ಹಸಿದು, ಹೆದರಿ, ದಣಿದು ಒಳಗಿನಿಂದ ಬರಿದಾದವರು, ಬೆವರಿಸಿ, ಭೇದಿ ಮಾಡಿಸಿ ಚಿಕಿತ್ಸೆ ಕೊಟ್ಟ ವೈದ್ಯರು ಇರುವ ಬಲವನ್ನೂ ಕಿತ್ತುಕೊಂಡರು. ಅವನು ಕಟ್ಟಿದ ಪ್ರಸಿದ್ಧ ಯೋಗವೇ ಬು ಜೊಂಗ್ ಯಿ ಚಿ ತಾಂಗ್. ಹ್ವಾಂಗ್‌ಚಿ ಬೇರು, ಜಿನ್ಸೆಂಗ್, ಬಾಯ್‌ಜು, ಹುರಿದ ಜ್ಯೇಷ್ಠಮಧು, ದಾಂಗ್‌ಗ್ವೇ, ಒಣಗಿಸಿದ ಕಿತ್ತಳೆ ಸಿಪ್ಪೆ, ಶೆಂಗ್‌ಮಾ, ಚಾಯ್‌ಹು, ಹೀಗೆ ಎಂಟು ದ್ರವ್ಯಗಳು. ಕಾಯಿಲೆಯ ನಂತರದ ಬಲಹೀನತೆಗೆ ಚೀನಾ, ಜಪಾನುಗಳಲ್ಲಿ ಇಂದಿಗೂ ಇದನ್ನು ಕೊಡುತ್ತಾರೆ.

ಹಾಗಾದರೆ ತಂಗಿ ಸರಿಯಾದದ್ದನ್ನೇ ಕಳಿಸಿದ್ದಾಳೆ ಅಲ್ಲವೇ ಎಂದರೆ, ಚೀನೀ ವೈದ್ಯದ ನಿಯಮದ ಪ್ರಕಾರವೇ ಅದನ್ನು ಹೇಳಲಾಗದು. ಜ್ವರ ಬಿಟ್ಟವರಲ್ಲಿ ಎರಡು ಬಗೆಯವರಿದ್ದಾರೆ ಎಂದು ಆ ಶಾಸ್ತ್ರ ಎಣಿಸುತ್ತದೆ. ಒಬ್ಬರಲ್ಲಿ ಬಲ ಬರಿದಾಗಿರುತ್ತದೆ, ಇನ್ನೊಬ್ಬರಲ್ಲಿ ರೋಗದ ಶಾಖ ಒಳಗೆ ಉಳಿದಿರುತ್ತದೆ. ಎರಡನೆಯವರಿಗೆ ಜಾಂಗ್ ಜೊಂಗ್‌ಜಿಂಗ್ ಕೊಟ್ಟದ್ದು ಬಿದಿರಿನ ಎಲೆ, ಜಿಪ್ಸಂ, ಅಕ್ಕಿ ಎಲ್ಲ ಸೇರಿದ ತಂಪಿನ ಕಷಾಯ. ಅವರಿಗೆ ಬಲವರ್ಧಕ ಕೊಡುವುದು ಕಳ್ಳ ಒಳಗಿರುವಾಗಲೇ ಬಾಗಿಲು ಹಾಕಿದಂತೆ ಎಂದು ಚೀನೀ ವೈದ್ಯರು ಹೇಳುತ್ತಾರೆ. ನೀವು ಯಾವ ಬಗೆಯವರು ಎಂದು ಅವರು ತಿಳಿಯುವುದು ನಾಲಿಗೆ ನೋಡಿ, ಎರಡೂ ಕೈಯ ನಾಡಿ ಹಿಡಿದು. ಸಿಂಗಪುರದಲ್ಲಿ ಈ ವೈದ್ಯರಿಗೆ ಕಾನೂನಿನ ನೋಂದಣಿ ಇದೆ, ಕಲಿತವರೇ ಇದ್ದಾರು. ಆದರೆ ನಿಮ್ಮ ನಾಲಿಗೆ, ನಾಡಿ ಅವರ ಮುಂದಿರಲಿಲ್ಲ.

ನಾನು ‘ಬೇಡ’ ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ನಿಮ್ಮ ಬಿ.ಪಿ. ಜ್ಯೇಷ್ಠಮಧುವನ್ನು ದಿನವೂ ತೆಗೆದುಕೊಂಡರೆ ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತದ ಲಯವೇ ತಪ್ಪಬಹುದು. ನಿಮಗೋ ಎದೆ ಡವಗುಟ್ಟುವ ತೊಂದರೆ ಈಗಾಗಲೇ ಇದೆ. ನಮ್ಮಲ್ಲಿ ಮಕ್ಕಳ ಕೆಮ್ಮಿಗೂ ತೇದು ಕೊಡುವ ಬೇರು ಅದು, ಒಂದೆರಡು ದಿನಕ್ಕೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ಕುಡಿಯುವುದು ಬೇರೆ ಮಾತು. ದಾಂಗ್‌ಗ್ವೇ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಪ್ರಭಾವವನ್ನು ಹೆಚ್ಚಿಸುತ್ತದೆ. ನಿಮಗೆ ಅನ್ವಯಿಸದಿದ್ದರೂ ಓದುವ ಇತರರಿಗಾಗಿ ಹೇಳುತ್ತಿದ್ದೇನೆ. ಹಾಗೆಯೇ ಯಾವ ಚೀನೀ ಪೊಟ್ಟಣದ ಮೇಲಾದರೂ ಮಾಹ್ವಾಂಗ್, ಅಂದರೆ ಎಫೆಡ್ರಾ, ಎಂದಿದ್ದರೆ ಎದೆ ಬಡಿತ ಇರುವವರು ಮುಟ್ಟಲೇಬಾರದು. ಅದರ ಆಲ್ಕಲಾಯ್ಡುಗಳಿರುವ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು.

ಗಿಡಮೂಲಿಕೆ ಅಲ್ಲವೇ, ಏನಾದೀತು ಎನ್ನುವವರಿಗೆ ನಾನು ಬ್ರಸೆಲ್ಸಿನ ಕಥೆ ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಚೀನೀ ಬೇರಿರುವ ಮಾತ್ರೆ ತೆಗೆದುಕೊಂಡ ಹೆಂಗಸರ ಮೂತ್ರಪಿಂಡಗಳು ಸಾಲಾಗಿ ಕೆಟ್ಟವು. ‘ಫಾಂಗ್‌ಜಿ’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಗಿಡಗಳು ಮಾರಾಟವಾಗುತ್ತಿದ್ದವು. ಒಂದರ ಜಾಗದಲ್ಲಿ ಅರಿಸ್ಟೊಲೋಕಿಯಾ ಬಂದು ಸೇರಿತ್ತು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ನಮ್ಮ ಈಶ್ವರಿ ಬಳ್ಳಿ ಅದೇ ಕುಲದ್ದು, ಅದನ್ನು ಮನೆಮದ್ದಾಗಿ ಕುಡಿಯುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಭಾರತದಲ್ಲಿ ಆಯುಷ್ ಅಡಿ ಆಯುರ್ವೇದ, ಯುನಾನಿ, ಸಿದ್ಧ, ಟಿಬೆಟಿನ ವೈದ್ಯವಾದ ಸೋವಾ ರಿಗ್ಪಾ ಎಲ್ಲ ಇವೆ. ಚೀನೀ ಔಷಧ ಪದ್ಧತಿ ಇಲ್ಲ. ಪಾರ್ಸೆಲ್‌ನಲ್ಲಿ ಬಂದ ಪುಡಿಯಿಂದ ತೊಂದರೆಯಾದರೆ ಇಲ್ಲಿ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಒಂದು ದಿನ ನೀವೇ ಸಿಂಗಪುರಕ್ಕೆ ಹೋಗಿ, ನೋಂದಾಯಿತ ವೈದ್ಯರ ಮುಂದೆ ಕೂತು, ಬಿ.ಪಿ. ಮಾತ್ರೆಯ ಚೀಟಿ ತೋರಿಸಿ ಔಷಧ ಪಡೆದರೆ ಆಗ ನನ್ನ ಅಭಿಪ್ರಾಯ ಬೇರೆ ಇದ್ದೀತು. ಆಗಲೂ ತಿಂಗಳಿಗೊಮ್ಮೆ ಪೊಟ್ಯಾಸಿಯಂ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ ಮಾಡಿಸಿ ಎನ್ನುತ್ತೇನೆ.

‘ರಕ್ತಪರೀಕ್ಷೆ ನಾರ್ಮಲ್’ ಎಂದಿದ್ದೀರಿ, ಯಾವ ಯಾವ ಪರೀಕ್ಷೆ ಎಂದು ಬರೆದಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಥೈರಾಯ್ಡ್, ಸಕ್ಕರೆ, ಮೂತ್ರಪಿಂಡ, ಯಕೃತ್ತು, ಇ.ಸಿ.ಜಿ. ಇವೆಲ್ಲ ಆಗಿವೆಯೇ ನೋಡಿ. ಸಂಜೆ ಜ್ವರ, ತೂಕ ಇಳಿಕೆ, ಬಿಡದ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆಯೂ ಆಗಲಿ. ಇವೆಲ್ಲಕ್ಕಿಂತ ಸುಲಭವಾದದ್ದು, ಆದರೆ ಬಹಳ ಕಡೆ ಬಿಟ್ಟುಹೋಗುವುದು, ನಿಲ್ಲಿಸಿ ನೋಡುವ ಪರೀಕ್ಷೆ. ಹತ್ತು ನಿಮಿಷ ಮಲಗಿದ್ದು ನಾಡಿ, ಬಿ.ಪಿ. ಬರೆದುಕೊಳ್ಳುವುದು, ಆಮೇಲೆ ಹತ್ತು ನಿಮಿಷ ನಿಂತು ಮತ್ತೆ ಮತ್ತೆ ಅಳೆಯುವುದು. ಒಬ್ಬರೇ ಮಾಡಬೇಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಬಿ.ಪಿ. ಬೀಳದೆ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ನಿಂತರೆ ಅದಕ್ಕೆ ಪಾಟ್ಸ್ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ. ಬಿ.ಪಿ.ಯೇ ಬೀಳುತ್ತಿದ್ದರೆ ನಿಮ್ಮ ಮಾತ್ರೆಯ ಪ್ರಮಾಣವೇ ಈಗ ಹೆಚ್ಚಾಗಿರಬಹುದು, ವೈದ್ಯರು ಅದನ್ನು ತಿದ್ದಬಲ್ಲರು. ಪಾಟ್ಸ್ ಇದ್ದವರಿಗೆ ಉಪ್ಪು, ನೀರು ಹೆಚ್ಚು ತೆಗೆದುಕೊಳ್ಳಿ ಎನ್ನುತ್ತಾರೆ. ರಕ್ತದೊತ್ತಡ ಇರುವ ನೀವು ಅದನ್ನು ಸ್ವಂತಕ್ಕೆ ಮಾಡಿಕೊಳ್ಳಬೇಡಿ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಹತ್ತಿರ ಮಾತನಾಡಿ. ಕೂತು ಪಾಠ ಮಾಡಲು ಒಂದು ಕುರ್ಚಿ, ಎರಡು ಪೀರಿಯಡ್‌ಗಳ ನಡುವೆ ಬಿಡುವು, ನೆಲಮಹಡಿಯ ತರಗತಿ, ಇಷ್ಟು ಸಿಕ್ಕರೂ ಕುಸಿತಗಳು ಕಡಿಮೆಯಾಗಬಹುದು. ವೈದ್ಯರಿಂದ ಪತ್ರ ಬೇಕಾದರೆ ಬರೆಸಿಕೊಳ್ಳಿ. ಮನೆಯಲ್ಲಿ ಅಡುಗೆ, ಬಟ್ಟೆ ಕೂಡ ಲೆಕ್ಕಕ್ಕೆ ಸೇರಬೇಕು. ಪಾಠಕ್ಕೆ ಮಾತ್ರ ಮಿತಿ ಹಾಕಿ ಮನೆಗೆ ಬಂದು ಚಪಾತಿ ಲಟ್ಟಿಸಲು ನಿಂತರೆ ಪ್ರಯೋಜನವಿಲ್ಲ. ಇದನ್ನು ನಿಮ್ಮ ಮನೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಈ ವ್ಯವಸ್ಥೆ ಆದ ಮೇಲೆ ಅಕ್ಯುಪಂಕ್ಚರ್ ಶುರು ಮಾಡಿ, ವಾರಕ್ಕೊಂದರಂತೆ ಆರು ಸಲ. ಶುರುವಾಗುವ ಮೊದಲೇ ಮೂರು ಸಂಗತಿಗಳನ್ನು ಒಂದು ಪುಸ್ತಕದಲ್ಲಿ ಬರೆಯಲಾರಂಭಿಸಿ: ಭುಜದ ನೋವು ಹತ್ತಕ್ಕೆ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ವಾರದಲ್ಲಿ ಎಷ್ಟು ದಿನ ಹಾಸಿಗೆ ಹಿಡಿದಿರಿ. ಆರು ಸಲ ಮುಗಿದಾಗ ಮೊದಲ ವಾರದ ಪುಟವನ್ನೂ ಕೊನೆಯ ವಾರದ ಪುಟವನ್ನೂ ಒಟ್ಟಿಗಿಟ್ಟು ನೋಡಿ. ಮೂರರಲ್ಲಿ ಒಂದಾದರೂ ಎದ್ದು ಕಾಣುವಷ್ಟು ಸುಧಾರಿಸಿದ್ದರೆ ಹದಿನೈದು ದಿನಕ್ಕೊಮ್ಮೆಯಂತೆ ಮುಂದುವರಿಸಿ. ಏನೂ ಬದಲಾಗಿಲ್ಲವಾದರೆ ಅಲ್ಲಿಗೆ ನಿಲ್ಲಿಸಿ. ‘ಇನ್ನೂ ಇಪ್ಪತ್ತು ಸಲ ಬೇಕು’ ಎಂದು ಮುಂಗಡ ಹಣ ಕೇಳಿದರೆ ಕೊಡಬೇಡಿ. ಆ ಹಣದಲ್ಲಿ ಮನೆಗೆಲಸಕ್ಕೆ ಒಬ್ಬರನ್ನು ಮೂರು ತಿಂಗಳ ಮಟ್ಟಿಗೆ ಗೊತ್ತುಮಾಡಿಕೊಂಡರೆ ನಿಮ್ಮ ದೇಹಕ್ಕೆ ಸಿಗುವ ಚಿಕಿತ್ಸೆ ಅದಕ್ಕಿಂತ ದೊಡ್ಡದು.